‘ಸುಗು’ ಅಂದ್ರೆ ಎಷ್ಟು ಗಂಟೆಗೆ?

ಜಪಾನೀಸ್ ಭಾಷಾ ಪರೀಕ್ಷೆಯ ಎನ್4 ಪ್ರಶ್ನೆಪತ್ರಿಕೆಯಲ್ಲಿ ‘ಇಚಿಬನ್ ಈ ಮೊನೊ’ ಆರಿಸಿ ಅಂತ ಸೂಚನೆ ಇರುತ್ತದೆ. ಎಲ್ಲಕ್ಕಿಂತ ಚೆನ್ನಾಗಿರೋದನ್ನ ಆರಿಸಿ ಅಂತ. ಒಂದು ಮೆಟ್ಟಿಲು ಹತ್ತಿ ಎನ್3ಕ್ಕೆ ಹೋದರೆ ಅದೇ ಜಾಗದಲ್ಲಿ ‘ಮೊತ್ತೊಮೊ ಯೊಯ್ ಮೊನೊ’ ಎಂದಿರುತ್ತದೆ. ಅತ್ಯಂತ ಸೂಕ್ತವಾದುದನ್ನು ಆರಿಸಿ. ಕೇಳುತ್ತಿರುವುದು ಅದನ್ನೇ, ಕೇಳುವವರು ಮಾತ್ರ ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡಿದ್ದಾರೆ. ಎರಡೂ ಪರೀಕ್ಷೆ ಪಾಸಾಗಿದ್ದ ನಾನು ಇದನ್ನು ಗಮನಿಸಿರಲೇ ಇಲ್ಲ. ಸೂಚನೆ ಯಾರು ಓದುತ್ತಾರೆ?

2023ರ ಅಕ್ಟೋಬರಿನಲ್ಲಿ ಕೆಲಸದ ಮೇಲೆ ಐಚಿ ಪ್ರಾಂತ್ಯದ ಒಕಜಾಕಿಗೆ ಬಂದೆ. ವಾಹನದ ಬಿಡಿಭಾಗ ಮಾಡುವ ಕಾರ್ಖಾನೆ, ನನ್ನದು ಗುಣಮಟ್ಟ ವಿಭಾಗ. ಕೈಯಲ್ಲಿ ಎನ್3 ಇತ್ತು. ಮಾತಾಡಿದರೆ ಎದುರಿಗಿದ್ದವರಿಗೆ ಅರ್ಥವಾಗುತ್ತಿತ್ತು, ಅವರು ಮಾತಾಡಿದರೆ ಮುಕ್ಕಾಲು ಪಾಲು ನನಗೂ ಆಗುತ್ತಿತ್ತು. ಬರೆಯಲು ಕೂತಾಗ ಮಾತ್ರ ಬಣ್ಣ ಬಯಲಾಗುತ್ತಿತ್ತು. ಮುಂದಿನ ಗುರಿ ಎನ್2. ಅದಕ್ಕೆ ತಯಾರಿ ಮಾಡಿಕೊಂಡವರೆಲ್ಲ ಒಂದು ಮಾತು ಹೇಳಿದ್ದರು: ವ್ಯಾಕರಣ ಹೇಗೋ ಆಗುತ್ತೆ, ಕ್ರಿಯಾವಿಶೇಷಣಗಳು ಕಾಲು ಹಿಡಿದು ಎಳೀತವೆ.

ನಾನು ಎಲ್ಲರ ಹಾಗೇ ಶುರು ಮಾಡಿದೆ. ಫೋನಿನಲ್ಲಿ ಫ್ಲ್ಯಾಶ್‌ಕಾರ್ಡ್ ಆ್ಯಪ್, ದಿನಕ್ಕೆ ಹತ್ತು ಪದ. ಹಿಜೋನಿ, ವೆರಿ. ತೈಹೆನ್, ವೆರಿ. ಕಿವಮೆತೆ, ಎಕ್ಸ್‌ಟ್ರೀಮ್ಲಿ. ತೊತೆಮೊ ಮೊದಲೇ ಗೊತ್ತಿತ್ತು, ಅದೂ ವೆರಿ. ಸುಗೊಕು ಕೂಡ ವೆರಿಯೇ. ಇಂಗ್ಲಿಷಿನ ಒಂದೇ ಗೂಟಕ್ಕೆ ನಾಲ್ಕು ದನ ಕಟ್ಟಿದಂತೆ. ಯಾವುದು ಹಾಲು ಕೊಡುವುದು, ಯಾವುದು ಒದೆಯುವುದು ಅಂತ ಕಾರ್ಡಿನಲ್ಲಿ ಬರೆದಿರಲಿಲ್ಲ.

ಒದ್ದದ್ದು ಕ್ಯಾಂಟೀನಿನಲ್ಲಿ. ಶುಕ್ರವಾರ ಮಧ್ಯಾಹ್ನ, ಕರಿ ರೈಸ್. ಪಕ್ಕದಲ್ಲಿದ್ದವರು ಹೇಗಿದೆ ಅಂತ ಕೇಳಿದರು. ಬೆಳಿಗ್ಗೆಯಷ್ಟೇ ಕಲಿತಿದ್ದ ಪದ ಬಾಯಲ್ಲೇ ಇತ್ತು. ‘ಹಿಜೋನಿ ಒಇಶೀ ದೆಸು’ ಅಂದೆ. ಮೇಜಿನ ಸುತ್ತ ಇದ್ದ ನಾಲ್ವರೂ ಚಮಚ ಕೆಳಗಿಟ್ಟು ನಕ್ಕರು. ಒಬ್ಬಾತ ‘ವಾರ್ತೆ ಓದಿದ ಹಾಗಿದೆ’ ಅಂದ. ನನಗೆ ಹೊಳೆದದ್ದು ರಾತ್ರಿ ಮಲಗುವಾಗ. ಹಾಸನದ ಯಾವುದೋ ಮೆಸ್ಸಿನಲ್ಲಿ ಒಬ್ಬ ಪರದೇಶಿ ಕೂತು ‘ಈ ಸಾರು ಅತ್ಯಂತ ಸ್ವಾದಿಷ್ಟವಾಗಿದೆ’ ಅಂದರೆ ನಾವೂ ನಗುವುದಿಲ್ಲವೇ? ತಪ್ಪೇನೂ ಇಲ್ಲ. ಆದರೂ ನಗು ಬರುತ್ತದೆ.

ಅಂದಹಾಗೆ ಆ ‘ಹಿಜೋ’ ದಿನವೂ ನನ್ನ ತಲೆಯ ಮೇಲೇ ಇತ್ತು. ಕಾರ್ಖಾನೆಯ ಪ್ರತಿ ಬಾಗಿಲ ಮೇಲೆ ಹಸಿರು ಫಲಕ, ಓಡುತ್ತಿರುವ ಮನುಷ್ಯನ ಚಿತ್ರ, ‘ಹಿಜೋಗುಚಿ’. ತುರ್ತು ನಿರ್ಗಮನ ದ್ವಾರ. ‘ಹಿ’ ಅಂದರೆ ಅಲ್ಲ, ‘ಜೋ’ ಅಂದರೆ ಎಂದಿನದು. ಎಂದಿನದಲ್ಲದ್ದು, ಅಸಾಮಾನ್ಯ. ಕರಿ ರೈಸಿಗೆ ನಾನು ‘ಅಸಾಮಾನ್ಯವಾಗಿ ರುಚಿಕರ’ ಅಂತ ಪ್ರಮಾಣಪತ್ರ ಕೊಟ್ಟಿದ್ದೆ.

ಇದಕ್ಕೆ ಉಲ್ಟಾ ಪೆಟ್ಟು ಬಿದ್ದದ್ದು ಫೆಬ್ರವರಿಯಲ್ಲಿ, ಮತ್ತು ಅದು ನಗುವ ವಿಷಯವಾಗಿರಲಿಲ್ಲ. ಒಂದು ಲಾಟಿನಲ್ಲಿ ರಂಧ್ರದ ಅಂಚಿಗೆ ಬರ್ ಉಳಿದುಕೊಂಡಿತ್ತು. ಕೊರೆದ ಮೇಲೆ ಅಂಚಿಗೆ ಅಂಟಿಕೊಂಡು ನಿಲ್ಲುವ ಲೋಹದ ಚೂರು ಅದು, ಇಲ್ಲಿಯವರ ಬಾಯಲ್ಲಿ ‘ಬರಿ’. ದೋಷವರದಿ ಬರೆಯುವ ಕೆಲಸ ಮೊದಲ ಬಾರಿಗೆ ನನ್ನ ಪಾಲಿಗೆ ಬಂತು. ನಾನು ಬರೆದ ಮೂರು ವಾಕ್ಯಗಳು ಇಷ್ಟೇ: ಬರಿ ‘ಕನರಿ’ ಉಳಿದಿತ್ತು. ‘ತಬುನ್’ ಬ್ಲೇಡ್ ಸವೆದಿರುವುದು ಕಾರಣ. ‘ಸುಗು’ ಸರಿಪಡಿಸುತ್ತೇವೆ. ಕನ್ನಡದಲ್ಲಿ ಹೇಳುವುದಾದರೆ, ಬಹಳಾನೇ ಉಳಿದಿತ್ತು, ಬ್ಲೇಡ್ ಸವೆದಿರ್ಬೇಕು, ಬೇಗ ಸರಿ ಮಾಡ್ತೀವಿ.

ನಮ್ಮ ಕಚೋ, ಅಂದರೆ ವಿಭಾಗದ ಮುಖ್ಯಸ್ಥರು, ಕೆಂಪು ಪೆನ್ನಿನಿಂದ ಮೂರೂ ಪದಕ್ಕೆ ಸುತ್ತು ಹಾಕಿ ವಾಪಸ್ ಕೊಟ್ಟರು. ಮಾತಿಲ್ಲ. ಸರಿ, ಇದು ಆಡುಮಾತು, ವರದಿಗೆ ಹೊಂದುವುದಿಲ್ಲ ಅಂತ ನಾನೇ ತೀರ್ಮಾನಿಸಿ ಆ್ಯಪಿನ ಭಂಡಾರ ತೆರೆದೆ. ಕನರಿ ತೆಗೆದು ‘ಸೋತೋ’ ಹಾಕಿದೆ. ತಬುನ್ ಜಾಗಕ್ಕೆ ‘ಒಸೊರಕು’. ಸುಗು ಹೋಗಿ ‘ತದಚಿನಿ’ ಬಂತು. ಮೂರೂ ಖಡಕ್ ಇಸ್ತ್ರಿಯ ಪದಗಳು. ಹೆಮ್ಮೆಯಿಂದಲೇ ತೆಗೆದುಕೊಂಡು ಹೋಗಿ ಕೊಟ್ಟೆ.

ಮತ್ತೆ ಮೂರಕ್ಕೂ ಸುತ್ತು. ಈ ಸಲ ಬಾಯಿ ಬಿಟ್ಟರು. ‘ಕೊತೊಬ ದಕೆ ಕಿರೇ’. ಪದ ಮಾತ್ರ ಚೆಂದ. ಆಮೇಲೆ ಒಂದೊಂದಾಗಿ ಕೇಳಿದರು. ಸೋತೋ ಅಂದರೆ ಎಷ್ಟರಲ್ಲಿ ಎಷ್ಟು? ಒಸೊರಕು ಅಂದೆಯಲ್ಲ, ಬ್ಲೇಡನ್ನು ತೆಗೆದು ಅಳೆದೆಯಾ? ತದಚಿನಿ ಅಂತ ಬರೆದಿದ್ದೀಯ, ಲೈನ್ ಈಗ ನಿಂತಿದೆಯಾ?

ಲೈನ್ ನಿಂತಿರಲಿಲ್ಲ. ಆ ಗಳಿಗೆಯಲ್ಲೂ ಗಾಜಿನಾಚೆ ಓಡುತ್ತಿರುವುದು ಇಬ್ಬರಿಗೂ ಕಾಣುತ್ತಿತ್ತು.

ಕೊನೆಗೆ ಆ ವರದಿಯಲ್ಲಿ ಉಳಿದದ್ದು ‘200ರಲ್ಲಿ 14’ ಎಂಬ ಅಂಕಿ, ಬ್ಲೇಡಿನ ಅಳತೆ ಮತ್ತು ಒಂದು ತಾರೀಕು. ನನ್ನ ಒಂದು ಕ್ರಿಯಾವಿಶೇಷಣವೂ ಉಳಿಯಲಿಲ್ಲ. ನಾಲ್ಕು ತಿಂಗಳು ಗಿಳಿಪಾಠ ಮಾಡಿದ್ದಕ್ಕೆ ಸಿಕ್ಕ ಬಹುಮಾನ.

ಭಾನುವಾರ ಬೆಳಿಗ್ಗೆ ಊರಿನ ಸಮುದಾಯ ಕೇಂದ್ರದಲ್ಲಿ ಸ್ವಯಂಸೇವಕರು ನಡೆಸುವ ಜಪಾನೀಸ್ ತರಗತಿ ಇರುತ್ತದೆ. ನನಗೆ ಸಿಕ್ಕ ಸೆನ್ಸೇ ನಗರಸಭೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ಕೆಂಪು ಸುತ್ತಿನ ಹಾಳೆ ತೋರಿಸಿದೆ. ಅವರು ‘ತದಚಿನಿ’ಯ ಮೇಲೆ ಬೆರಳಿಟ್ಟು, ಇದು ಭಯ ಹುಟ್ಟಿಸುವ ಪದ ಅಂದರು. ಕಾನೂನಿನ ಭಾಷೆಯಲ್ಲಿ ‘ಬೇಗ’ ಅನ್ನುವುದಕ್ಕೆ ಮೂರು ಮೆಟ್ಟಿಲಿದೆಯಂತೆ. ತದಚಿನಿ ಎಂದರೆ ಏನೇ ನೆಪವಿದ್ದರೂ ಈ ಕ್ಷಣವೇ. ‘ಸುಮಿಯಕನಿ’ ಎಂದರೆ ಆದಷ್ಟು ಬೇಗ. ‘ಚಿತೈ ನಕು’ ಎಂದರೆ ವಿಳಂಬವಿಲ್ಲದೆ, ಆದರೆ ತಕ್ಕ ಕಾರಣವಿದ್ದರೆ ತಡವಾದರೂ ಒಪ್ಪಿತ. ನನ್ನ ಆ್ಯಪಿನಲ್ಲಿ ಮೊದಲೆರಡಕ್ಕೂ ‘ಇಮ್ಮೀಡಿಯೆಟ್ಲಿ’ ಎಂದೇ ಇತ್ತು, ಮೂರನೆಯದು ಇರಲೇ ಇಲ್ಲ.

ಅವತ್ತು ಸಂಜೆ ಅಪ್ಪನಿಗೆ ಫೋನು ಮಾಡಿದಾಗ ಇದನ್ನು ಸುಮ್ಮನೆ ಹೇಳಿದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಬದುಕೆಲ್ಲ ಕರಡು ಬರೆದವರು.

‘ಇದನ್ನ ಕಲಿಯಕ್ಕೆ ಜಪಾನಿಗೆ ಹೋಗ್ಬೇಕಿತ್ತೇನೋ?’ ಅಂದರು. ‘ನಮ್ಮಲ್ಲೂ ಅದೇ ಅಲ್ವಾ. ಜರೂರು ಅಂತ ಷರಾ ಬಂದ್ರೆ ಟಪಾಲು ಬಂದ ದಿನವೇ ಕಡತ ಮೇಲಕ್ಕೆ ಹೋಗ್ಬೇಕು. ಶೀಘ್ರವಾಗಿ ಅಂದ್ರೆ ಆ ವಾರ. ಆದಷ್ಟು ಬೇಗನೆ ಅಂದ್ರೆ ಜ್ಞಾಪನ ಬಂದ್ಮೇಲೆ ನೋಡ್ಕೊಂಡ್ರಾಯ್ತು.’

ಮತ್ತೆ ಆಫೀಸಿಂದ ಹೊರಗೆ? ಅಂತ ಕೇಳಿದೆ.

‘ಹೊರಗೇನು, ಬಂದೆ ಬಂದೆ ಇಲ್ಲೇ ಇದೀನಿ ಅಂತಾರೆ, ಇನ್ನೂ ಸ್ನಾನಕ್ಕೇ ಹೋಗಿರಲ್ಲ.’

ನನ್ನ ಓದು ದಾರಿಗೆ ಬಂದದ್ದು ಆ ಫೋನಿನಿಂದ. ಆಡುವಾಗ ‘ಈಗ್ಲೇ’ ಅನ್ನುವುದು ಮನಸ್ಸಿನ ಆತುರವನ್ನು ಹೇಳುತ್ತದೆ, ಗಡಿಯಾರದ ಲೆಕ್ಕಕ್ಕೆ ಯಾರೂ ಅದನ್ನು ಹಿಡಿಯುವುದಿಲ್ಲ. ಕಾಗದದ ಮೇಲೆ ‘ಕೂಡಲೇ’ ಅಂತ ಬರೆದು ಕೆಳಗೆ ಸಹಿ ಹಾಕಿದರೆ ನಾಳೆ ಯಾರಾದರೂ ಅದನ್ನು ಹಿಡಿದುಕೊಂಡು ಬಂದು ಕೇಳಬಹುದು. ಕಚೋ ಮಾಡಿದ್ದು ಅದನ್ನೇ. ಜಪಾನಿನ ಹವಾಮಾನ ಇಲಾಖೆಯಂತೂ ಇದಕ್ಕೆ ಲೆಕ್ಕವನ್ನೇ ಇಟ್ಟಿದೆ. ಮುನ್ಸೂಚನೆಯಲ್ಲಿ ‘ಇಚಿಜಿ ಅಮೆ’ ಅಂದರೆ ಒಂದೇ ಸಮನೆ ಬರುವ ಮಳೆ, ಮುನ್ಸೂಚನೆಯ ಅವಧಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಹೊತ್ತು. ‘ತೊಕಿದೊಕಿ ಅಮೆ’ ಅಂದರೆ ಬಿಟ್ಟು ಬಿಟ್ಟು ಬರುವ ಮಳೆ, ಒಟ್ಟು ಸೇರಿದರೆ ಅರ್ಧಕ್ಕಿಂತ ಕಡಿಮೆ. ತೊಕಿದೊಕಿ ನಾನು ಮೊದಲನೇ ತಿಂಗಳಲ್ಲೇ ಕಲಿತ ಪದ, ‘ಆಗಾಗ’. ಆ ಮುದ್ದು ಪದಕ್ಕೂ ಇಲಾಖೆಯವರು ಅಳತೆಪಟ್ಟಿ ಹಿಡಿದಿದ್ದಾರೆಂದು ತಿಳಿದ ಮೇಲೆ ಛತ್ರಿ ಹಿಡಿಯುವ ವಿಷಯದಲ್ಲಿ ನನಗೆ ಶಿಸ್ತು ಬಂತು.

ಆ್ಯಪ್ ತೆಗೆದುಹಾಕಿ ಒಂದು ದಪ್ಪ ನೋಟುಬುಕ್ ತಂದೆ. ಎಡಗಡೆ ಪುಟದಲ್ಲಿ ನಮ್ಮನೆ ಕನ್ನಡ, ಬಲಗಡೆ ಅಪ್ಪನ ಆಫೀಸಿನ ಕನ್ನಡ. ಒಂದೊಂದರ ಕೆಳಗೆ ಅದಕ್ಕೆ ಸರಿಹೊಂದುವ ಜಪಾನೀಸ್. ಇಂಗ್ಲಿಷ್ ಎಲ್ಲೂ ಬರಕೂಡದು ಅಂತ ನಿಯಮ. ಪದ ಒಂದನ್ನೇ ಬರೆಯುವುದೂ ಇಲ್ಲ, ಪೂರ್ತಿ ವಾಕ್ಯ. ಯಾಕೆಂದರೆ ‘ಪದ ಮಾತ್ರ ಚೆಂದ’ದ ಇನ್ನೊಂದು ಮುಖ ಅಲ್ಲಿ ಕಂಡಿತು. ‘ದನ್‌ದನ್ ಹೆರು’ ಅಂದರೆ ಬರಬರುತ್ತಾ ಕಮ್ಮಿಯಾಗುತ್ತೆ. ದನ್‌ದನ್ ತೆಗೆದು ‘ಜೊಜೊನಿ’ ಹಾಕಿದರೆ ಮುಗಿಯಲಿಲ್ಲ, ‘ಹೆರು’ ಕೂಡ ಎದ್ದು ‘ಗೆನ್‌ಶೋ ಸುರು’ಗೆ ಜಾಗ ಬಿಡಬೇಕು. ಇದು ನನಗೆ ಪುಸ್ತಕ ಓದಿ ಅರ್ಥವಾಗಿರಲಿಲ್ಲ. ಬಲಪುಟದಲ್ಲಿ ‘ಕ್ರಮೇಣ ಕಮ್ಮಿ ಆಗ್ತಾ ಹೋಯ್ತು’ ಅಂತ ಬರೆದು ನೋಡಿದಾಗ ಕಿವಿಗೇ ಕಿರಿಕಿರಿಯಾಯಿತು. ‘ಕ್ರಮೇಣ ಇಳಿಮುಖವಾಯಿತು’ ಎಂದಾಗ ಸರಿಹೋಯಿತು. ಇಷ್ಟು ವರ್ಷದಿಂದ ಇದ್ದ ಕಿವಿಯನ್ನು ಫ್ಲ್ಯಾಶ್‌ಕಾರ್ಡಿಗಾಗಿ ಮುಚ್ಚಿಟ್ಟುಕೊಂಡಿದ್ದೆ. ಜೊಜೊನಿಯ ಆ ‘ಜೊ’ ರಸ್ತೆಯ ಮೇಲೂ ಸಿಕ್ಕಿತು. ಕೆಂಪು ಅಂಚಿನ ತಲೆಕೆಳಗಾದ ತ್ರಿಕೋನದ ಫಲಕದಲ್ಲಿ ‘ಜೊಕೋ’ ಎಂದಿರುತ್ತದೆ, ನಿಧಾನವಾಗಿ ಚಲಿಸಿ. ಸೈಕಲ್ಲಿನಲ್ಲಿ ಅದರ ಕೆಳಗೆ ದಿನಾ ರಭಸದಿಂದ ಹೋಗುತ್ತಿದ್ದೆ.

‘ದನ್‌ದನ್’, ‘ದೊನ್‌ದೊನ್’ ತರಹದ ಜೋಡಿ ಸದ್ದಿನ ಪದಗಳನ್ನು ಕೈಬಿಡುವಾಗ ನಿಜಕ್ಕೂ ಸಂಕಟವಾಗುತ್ತದೆ. ನಮಗೆ ಸರಸರ, ಬಿರಬಿರ, ದಡದಡ ಇಲ್ಲದೆ ಮಾತೇ ಇಲ್ಲ. ಜಪಾನೀಸ್ ಕಲಿಯುವಾಗ ಮೊದಲು ಮನೆಯವರಂತೆ ಹತ್ತಿರ ಬಂದದ್ದು ಆ ಪದಗಳೇ. ಆದರೆ ‘ದೂರುಗಳು ದಡದಡನೆ ಹೆಚ್ಚಿವೆ’ ಅಂತ ಯಾವ ತಹಶೀಲ್ದಾರರೂ ಬರೆಯುವುದಿಲ್ಲ, ಇಲ್ಲಿಯೂ ‘ಕ್ಯೂಸೊಕುನಿ ಜೋಕ’, ಅಂದರೆ ತೀವ್ರಗತಿಯಲ್ಲಿ ಏರಿಕೆ, ಆಗುತ್ತವೆ. ಕಾರಣ ಕೇಳುವ ಪದಕ್ಕೂ ಇದೇ ಗತಿ. ಗೆಳೆಯರಲ್ಲಿ ‘ನಂದೆ?’ ಅಂತ ಕೇಳುತ್ತೇವೆ (ನಾನು ಮೊದಲು ಕೇಳಿದಾಗ ಯಾರದೋ ವಸ್ತುವನ್ನು ‘ನಂದೇ’ ಅಂತಿದ್ದಾರೆ ಅನ್ನಿಸಿತ್ತು). ಕಾರ್ಖಾನೆಯಲ್ಲಿ ಐದು ಸಲ ಯಾಕೆ ಯಾಕೆ ಎಂದು ಕೇಳುತ್ತಾ ದೋಷದ ಬೇರಿಗೆ ಹೋಗುವ ಪದ್ಧತಿಯಿದೆ, ಅದರ ಹೆಸರು ಮಾತ್ರ ‘ನಜೆನಜೆ’ ವಿಶ್ಲೇಷಣೆ. ‘ನಂದೆನಂದೆ’ ಅಂತ ಇಟ್ಟಿದ್ದರೆ ಮಕ್ಕಳ ಜಗಳದ ಹಾಗೆ ಕೇಳುತ್ತಿತ್ತೇನೋ.

ಇಷ್ಟರಲ್ಲಿ ನಾನೊಂದು ಸೂತ್ರ ಕಟ್ಟಿದ್ದೆ. ನಮಗೆ ಸಂಸ್ಕೃತ ಹೇಗೋ ಇವರಿಗೆ ಚೀನೀ ಮೂಲದ ಪದ ಹಾಗೆ. ‘ಮತ್ತೆ’ಗೆ ‘ಪುನಃ’, ‘ಮೊ ಇಚಿದೊ’ಗೆ ‘ಸೈದೊ’. ಚೀನೀ ಉಚ್ಚಾರಣೆಯ ಪದ ಕಂಡರೆ ಔಪಚಾರಿಕ ಅಂತ ಗುರುತು ಹಾಕಿಬಿಡುವುದು. ಸೆನ್ಸೇ ನೋಟುಬುಕ್ ನೋಡಿ ನಕ್ಕು, ಹಾಗಾದರೆ ಒಸೊರಕು, ಮಕೊತೊನಿ, ಅರಕಜಿಮೆ, ಅರತಮೆತೆ ಇವೆಲ್ಲ ಏನು ಅಂತ ಕೇಳಿದರು. ಎಲ್ಲ ಅಚ್ಚ ಜಪಾನೀಸ್ ಪದಗಳು, ಎಲ್ಲ ಕೋಟು ಹಾಕಿಕೊಂಡಿವೆ. ಸೂತ್ರ ಅಲ್ಲಿಗೆ ಮಕಾಡೆ ಬಿತ್ತು. ಅಪ್ಪನಿಗೆ ಹೇಳಿದರೆ, ‘ಮೇಲ್ಕಂಡ, ಕೋರಲಾಗಿದೆ, ಇವೇನು ಸಂಸ್ಕೃತವೇನೋ?’ ಎಂದರು. ಅದೂ ಹೌದು.

ಕೆಲವು ಪದಗಳು ಕನ್ನಡದ ವೇಷದಲ್ಲೇ ಬಂದು ಕೂತವು. ‘ಒತ್ತೆ ಗೊರೆನ್‌ರಕು ಇತಶಿಮಸು’ ಅಂತ ಸಿಬ್ಬಂದಿ ವಿಭಾಗದಿಂದ ಇಮೇಲ್ ಬರುತ್ತಿತ್ತು. ಮುಂದೆ ತಿಳಿಸುತ್ತೇವೆ ಅಂತ. ಯಾವಾಗ ಅಂತ ಹೇಳುವುದಿಲ್ಲ. ನನ್ನ ವೀಸಾ ನವೀಕರಣದ ಉತ್ತರವನ್ನು ನಿಜಕ್ಕೂ ಒತ್ತೆಯಾಗಿ ಇಟ್ಟುಕೊಂಡ ಹಾಗೇ ಇತ್ತು, ಹಾಗಾಗಿ ಆ ಪದ ಮರೆಯಲಿಲ್ಲ. ‘ಮೆತ್ತನಿ’ ಅಂದರೆ ಮೆತ್ತನೆ ಅಲ್ಲ, ಅಪರೂಪಕ್ಕೂ. ಅದರ ಹಿಂದೆ ಬರುವ ಕ್ರಿಯಾಪದ ನಿಷೇಧದಲ್ಲೇ ಮುಗಿಯಬೇಕು, ‘ಅಪರೂಪಕ್ಕೂ ಬರೋದಿಲ್ಲ’ ಅನ್ನುವ ಹಾಗೆ.

ಹೀಗೆ ಮೊದಲೇ ಬಂದು ಕೊನೆಯನ್ನು ಕಟ್ಟಿಹಾಕುವ ಪದಗಳಿಗೆ ಇಲ್ಲಿಯ ಶಾಲೆಯಲ್ಲಿ ‘ಕೊಓ ನೊ ಫುಕುಶಿ’ ಅನ್ನುತ್ತಾರೆ. ಕೊಓ ಅಂದರೆ ಕರೆಯುವುದು ಮತ್ತು ಓಗೊಡುವುದು. ‘ಕೆಶ್ಶಿತೆ’ (ಎಂದಿಗೂ) ಎಂದು ಕರೆದರೆ ವಾಕ್ಯದ ತುದಿಯಲ್ಲಿ ‘ನೈ’ (ಇಲ್ಲ) ಓಗೊಡಬೇಕು. ‘ಒಸೊರಕು’ (ಬಹುಶಃ) ಎಂದರೆ ‘ದರೋ’ (ಇರಬಹುದು). ‘ತತೊಎ’ (ಒಂದು ವೇಳೆ) ಎಂದರೆ ‘ತೆಮೊ’ (ಆದರೂ). ನಮ್ಮ ‘ಸುತರಾಂ’ ಅಂದ ಕೂಡಲೇ ಮುಂದೆ ‘ಒಪ್ಪಲಿಲ್ಲ’ ಬರುತ್ತದೆಂದು ಗೊತ್ತಾಗುವುದಿಲ್ಲವೇ? ಸುತರಾಂ ಒಪ್ಪಿದರು ಅಂತ ಯಾರಾದರೂ ಅಂದಿದ್ದು ಕೇಳಿದ್ದೀರಾ? ನಮ್ಮದೂ ಇವರದೂ ಕ್ರಿಯಾಪದ ಕೊನೆಗೆ ಬರುವ ಭಾಷೆ, ಹೌದೋ ಅಲ್ಲವೋ ಎನ್ನುವುದು ಕೊನೆಯ ಉಸಿರಿನ ತನಕ ತಿಳಿಯದು. ಅದಕ್ಕೇ ದಾರಿಯ ಮೊದಲಲ್ಲೇ ಇಂಥ ಕೈಮರ ಬೇಕಾಗುತ್ತದೆ. ಆಲಿಸುವ ಪರೀಕ್ಷೆಯಲ್ಲಿ ಇದು ನನಗೆ ದೊಡ್ಡ ಆಸರೆಯಾಯಿತು. ತೊಡಕು ಕೊಟ್ಟದ್ದು ಒಂದೇ ಜೋಡಿ: ‘ಕನರಜು’ ಅಂದರೆ ತಪ್ಪದೆ, ‘ಕನರಜುಶಿಮೊ’ ಅಂದರೆ ಹಾಗೇ ಆಗಬೇಕೆಂದೇನೂ ಇಲ್ಲ. ಬಾಲ ಒಂದು ಅಂಟಿಕೊಂಡದ್ದಕ್ಕೆ ಅರ್ಥವೇ ತಿರುಗುಮುರುಗು.

2024ರ ಜುಲೈ 7ರಂದು ಎನ್2 ಬರೆದೆ, ಫೇಲಾದೆ. 180ಕ್ಕೆ 90 ಬೇಕು, ಬಂದದ್ದು 86. ಪದ ಮತ್ತು ವ್ಯಾಕರಣದಲ್ಲಿ 24, ಓದಿನಲ್ಲಿ 25, ಆಲಿಸುವುದರಲ್ಲಿ 37. ಮುಳುಗಿಸಿದ್ದು ಬಳಕೆಯ ಪ್ರಶ್ನೆಗಳು. ಒಂದು ಪದ ಕೊಟ್ಟು, ಅದನ್ನೇ ನಾಲ್ಕು ವಾಕ್ಯಗಳಲ್ಲಿ ಇಟ್ಟು, ಯಾವುದರಲ್ಲಿ ಸರಿಯಾಗಿ ಕೂತಿದೆ ಅಂತ ಕೇಳುತ್ತಾರೆ. ನಾಲ್ಕಕ್ಕೂ ಅರ್ಥ ಹಚ್ಚಬಹುದು. ಅರ್ಥ ಗೊತ್ತಿರುವವನೇ ಅಲ್ಲಿ ಹೆಚ್ಚು ಎಡವುತ್ತಾನೆ.

ಆ ಸೋಲಿಗಿಂತ ಹೆಚ್ಚು ಕಲಿಸಿದ್ದು ಅದೇ ತಿಂಗಳ ಒಂದು ಇಮೇಲ್. ಗ್ರಾಹಕ ಕಂಪನಿಯವರೊಬ್ಬರು ನಮ್ಮಲ್ಲಿಗೆ ಬಂದಾಗ ಕಚೋ ಅವರಿಗೆ ‘ವಜವಜ ಬಂದಿರಿ, ಧನ್ಯವಾದ’ ಅಂದದ್ದು ಕೇಳಿಸಿಕೊಂಡಿದ್ದೆ. ಗೌರವದ ಪದ ಇರಬೇಕು ಅಂದುಕೊಂಡು ನಾನು ಆ ಗ್ರಾಹಕರಿಗೆ ‘ವಜವಜ ದಾಖಲೆ ಸಿದ್ಧಪಡಿಸಿದ್ದೇನೆ’ ಎಂದು ಬರೆದೆ. ಕಳುಹಿಸಿದ ಐದು ನಿಮಿಷಕ್ಕೆ ಪಕ್ಕದ ಮೇಜಿನ ಸೆನ್‌ಪೈ, ಅಂದರೆ ಹಿರಿಯ ಸಹೋದ್ಯೋಗಿ, ಕುರ್ಚಿ ಎಳೆದುಕೊಂಡು ಬಂದರು. ಈ ಪದ ಎದುರಿನವರ ಶ್ರಮಕ್ಕೆ ಹೇಳುವುದು, ನಮ್ಮದಕ್ಕಲ್ಲ. ‘ಇದಕ್ಕೇಂತ ಬಂದ್ರಾ!’ ಅಂದರೆ ಉಪಚಾರ. ‘ಇದಕ್ಕೇಂತ ಬಂದಿದೀನಿ’ ಅಂದರೆ ಹಂಗಿಸಿದ ಹಾಗೆ. ಅವರು ಹೇಳಿ ಮುಗಿಸುವ ಮೊದಲೇ ಕನ್ನಡದಲ್ಲಿ ನನಗೆ ಕಿವಿ ಬಿಸಿಯಾಯಿತು. ಕ್ಷಮೆ ಕೇಳಿ ಇನ್ನೊಂದು ಇಮೇಲ್ ಬರೆಯುವಾಗ ‘ಮಕೊತೊನಿ’ (ನಿಜಕ್ಕೂ) ಎಂಬ ಪದವನ್ನು ಮೊದಲ ಬಾರಿ ಮನಸ್ಸಿಟ್ಟು ಬಳಸಿದೆ.

ಡಿಸೆಂಬರ್ 1ಕ್ಕೆ ಮತ್ತೆ ಕೂತೆ. ಆ ಐದು ತಿಂಗಳು ಹೊಸ ಪದ ಕಲಿತದ್ದು ಕಡಿಮೆ. ಕಚೋ ಬರೆದ ಹಳೆಯ ವರದಿಗಳನ್ನು ಕೇಳಿ ಪಡೆದು ನಕಲು ಮಾಡುತ್ತಿದ್ದೆ, ಅಕ್ಷರಶಃ ಕಾಪಿ ಬರೆದ ಹಾಗೆ. ಅವರ ಎರಡು ಪುಟದ ವರದಿಯಲ್ಲಿ ಹೆಚ್ಚೆಂದರೆ ಮೂರು ಕ್ರಿಯಾವಿಶೇಷಣ ಇರುತ್ತಿದ್ದವು. ಇದ್ದಲ್ಲಿ ಅಲುಗಾಡಿಸಲು ಆಗುತ್ತಿರಲಿಲ್ಲ. ಜನವರಿ ಕೊನೆಯಲ್ಲಿ ಫಲಿತಾಂಶ ಬಂತು, 118.

ಮುಂದಿನ ಭಾನುವಾರ ತರಗತಿಗೆ ಮೈಸೂರು ಪಾಕ್ ತೆಗೆದುಕೊಂಡು ಹೋಗಿದ್ದೆ. ಅಪ್ಪನಿಗೆ ವಿಡಿಯೋ ಕರೆ ಮಾಡಿ ಫೋನನ್ನು ಮೇಜಿನ ಮೇಲೆ ನಿಲ್ಲಿಸಿದೆ, ನನ್ನ ಬಲಪುಟದ ಮೇಷ್ಟ್ರನ್ನು ಸೆನ್ಸೇ ನೋಡಬೇಕೆಂದಿದ್ದರು. ಇಬ್ಬರೂ ನಮಸ್ಕಾರ ಮಾಡಿಕೊಂಡು ಒಂದಿಷ್ಟು ಹೊತ್ತು ಸುಮ್ಮನೆ ನಗುತ್ತಿದ್ದರು. ಆಮೇಲೆ ಅಪ್ಪ ಕನ್ನಡಕ ಏರಿಸಿಕೊಂಡು, ‘ಒಂದು ಕೇಳು ಅವರನ್ನ. ಅರ್ಜಿ ಆಗೋದಿಲ್ಲ ಅಂತ ಗೊತ್ತಿರುತ್ತೆ, ಆದ್ರೆ ಹಾಗಂತ ಬರೆಯಂಗಿಲ್ಲ. ನಾವು ನಿಯಮಾನುಸಾರ ಪರಿಶೀಲಿಸಲಾಗುವುದು ಅಂತ ಬರೀತಿದ್ವಿ. ಅವರೇನು ಬರೀತಿದ್ರಂತೆ?’ ಅಂದರು.

ನನಗೆ ಬಂದ ಹಾಗೆ ಅನುವಾದ ಮಾಡಿದೆ. ಸೆನ್ಸೇ ಕೈಯಲ್ಲಿದ್ದ ಮೈಸೂರು ಪಾಕನ್ನು ತಟ್ಟೆಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕೌಂಟರಿನ ಹಿಂದೆ ಕೂತವರ ದನಿಯಲ್ಲಿ ಹೇಳಿದರು: ‘ಮಎಮುಕಿನಿ ಕೆಂತೋ ಶಿಮಸು.’

ಮುಖ ಮುಂದಕ್ಕೆ ಮಾಡಿಕೊಂಡು, ಅಂದರೆ ಸಕಾರಾತ್ಮಕವಾಗಿ, ಪರಿಶೀಲಿಸುತ್ತೇವೆ. ನಾನು ಅದನ್ನು ಕನ್ನಡಕ್ಕೆ ತರುವ ಮೊದಲೇ ಆ ಕಡೆಯಿಂದ ಅಪ್ಪ ನಗಲು ಶುರು ಮಾಡಿದ್ದರು.

‘ಗೊತ್ತಾಯ್ತು ಬಿಡು,’ ಅಂದರು. ‘ಆಗಲ್ಲ ಅಂತ.’